ಪಕ್ಕದ ಸೈಟಿನಲ್ಲಿ ಎಷ್ಟು ಮಹಡಿ? ಹಳೆಯ ಬಡಾವಣೆಯವರಿಗೊಂದು ಕೈಪಿಡಿ

ಹಳೆಯ ಮನೆಯೊಂದರ ಸುತ್ತ ತಗಡಿನ ಬೇಲಿ ಎದ್ದ ಮೇಲೆ ಬೀದಿಯವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದಕ್ಕೆ ಪರ್ಮಿಷನ್ ಕೊಟ್ಟವರು ಯಾರು?’ ಏನೋ ಅಕ್ರಮ ನಡೆದಿರಬೇಕು ಎಂಬ ಅನುಮಾನ ಸಹಜ. ವಿಚಾರಿಸಿ ನೋಡಿದರೆ ಹಲವು ಸಲ ಎಲ್ಲವೂ ನಿಯಮದಂತೆಯೇ ಇರುತ್ತದೆ. ಆ ಕಟ್ಟಡಕ್ಕೆ ದಾರಿ ಮಾಡಿಕೊಟ್ಟದ್ದು ವರ್ಷಗಳ ಹಿಂದೆಯೇ ಜಾರಿಗೆ ಬಂದ ಮಾಸ್ಟರ್ ಪ್ಲಾನಿನ ಒಂದು ಕೋಷ್ಟಕ. ಅದು ಕರಡಿನಲ್ಲಿದ್ದಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಕಾಲಾವಕಾಶವಿತ್ತು. ಆಗ ಬೀದಿಯಲ್ಲಿ ಯಾರೂ ಅದನ್ನು ತೆರೆದು ನೋಡಿರುವುದಿಲ್ಲ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಗಳಿಗಷ್ಟೇ ಅಲ್ಲ, ಮೈಸೂರಿನ ಹಳೆಯ ಅಗ್ರಹಾರಗಳಿಗೂ ಮಂಗಳೂರಿನ ಹಂಚಿನ ಮನೆಗಳ ಬೀದಿಗಳಿಗೂ ಈ ಮಾತು ಅನ್ವಯಿಸುತ್ತದೆ. ಊರಿನ ಚಹರೆಯನ್ನು ಉಳಿಸುವ, ಇಲ್ಲವೇ ಅಳಿಸುವ ತೀರ್ಮಾನಗಳು ಎಲ್ಲಿ ಬರೆದಿರುತ್ತವೆ, ಅವನ್ನು ಓದುವುದು ಹೇಗೆ, ಯಾವ ಹಂತದಲ್ಲಿ ದನಿಯೆತ್ತಿದರೆ ಫಲ ಸಿಕ್ಕೀತು ಎಂಬುದರ ಮಾಹಿತಿ ಇಲ್ಲಿದೆ.

ಹುಟ್ಟಿದ್ದೇ ನಿಯಮದಿಂದ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡವು. ನೇರ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ, ನಡುವೆ ಉದ್ಯಾನ: ಇವೆಲ್ಲ ಆರೋಗ್ಯದ ದೃಷ್ಟಿಯಿಂದ ಹಾಕಿದ ಅಳತೆಗಳು. ಇಂದು ನಾವು ಮೆಚ್ಚುವ ಜಗುಲಿ, ಗೇಟಿನ ಪಕ್ಕದ ಸಂಪಿಗೆ ಮರ, ಕಿಟಕಿಯ ಮೇಲೆ ಚಾಚಿದ ಮರದ ಪಟ್ಟಿಗಳ ಮಂಕಿ ಟಾಪ್ ಎಲ್ಲವೂ ಆ ಅಳತೆ ಬಿಟ್ಟುಕೊಟ್ಟ ಜಾಗದಲ್ಲಿ ಬಂದು ನೆಲೆಸಿದವು. ಅಳತೆ ಬದಲಾದರೆ ಇವುಗಳಿಗೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಒಂದು ಬೀದಿಯನ್ನು ಕಾಪಾಡಬೇಕೆಂದರೆ ಮೊದಲು ಅಂಕಿಗಳನ್ನು ನೋಡಬೇಕು.

ಮಿಕ್ಕ ಮೂರು ಸಾವಿರ ಚದರ ಅಡಿ

ಒಂದು ಸರಳ ಲೆಕ್ಕ ಹಾಕೋಣ. ನಿಮ್ಮದು 60×40ರ ಸೈಟು, ಅಂದರೆ 2,400 ಚದರ ಅಡಿ. ಅಲ್ಲಿಗೆ ಅನ್ವಯಿಸುವ ಮಹಡಿ ವಿಸ್ತೀರ್ಣ ಅನುಪಾತ, ಅಂದರೆ ಎಫ್‌ಎಆರ್ 1.75 ಎಂದಿಟ್ಟುಕೊಳ್ಳಿ. ಸೈಟಿನ ವಿಸ್ತೀರ್ಣವನ್ನು ಎಫ್‌ಎಆರ್‌ನಿಂದ ಗುಣಿಸಿದರೆ ಎಲ್ಲ ಮಹಡಿ ಸೇರಿ ಕಟ್ಟಬಹುದಾದ ಒಟ್ಟು ವಿಸ್ತೀರ್ಣ ಬರುತ್ತದೆ: 4,200 ಚದರ ಅಡಿ. ಅಜ್ಜನ ಕಾಲದ ಒಂದಂತಸ್ತಿನ ಮನೆ 1,200 ಚದರ ಅಡಿಯದಾದರೆ ಇನ್ನೂ 3,000 ಚದರ ಅಡಿ ಕಟ್ಟುವ ಹಕ್ಕು ಬಳಕೆಯಾಗದೆ ಉಳಿದಿದೆ. ಬಿಲ್ಡರ್ ಬೆಲೆ ಕಟ್ಟುವುದು ಆ 3,000 ಅಡಿಗೆ. ಮನೆಯ ತೇಗದ ಬಾಗಿಲು, ಕೆಂಪು ಗಾರೆಯ ನೆಲ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ನಿಂತಿರುವ ಮನೆಗೂ ನಿಯಮ ಒಪ್ಪುವ ಕಟ್ಟಡಕ್ಕೂ ನಡುವಿನ ಅಂತರ ದೊಡ್ಡದಾದಷ್ಟೂ ಹಳೆಯ ಮನೆ ಉಳಿಯುವ ಸಾಧ್ಯತೆ ಕಡಿಮೆ. ಎಫ್‌ಎಆರ್ ಏರಿಸಿದಾಗ, ಹಣ ಕಟ್ಟಿ ಹೆಚ್ಚುವರಿ ಎಫ್‌ಎಆರ್ ಪಡೆಯುವ ಪ್ರೀಮಿಯಂ ಎಫ್‌ಎಆರ್ ಬಂದಾಗ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಯಾವ ಮಾಲೀಕರೂ ದುಷ್ಟರಾಗಬೇಕಿಲ್ಲ, ಯಾವ ಅಧಿಕಾರಿಯೂ ಲಂಚ ತಿನ್ನಬೇಕಿಲ್ಲ. ಆಸ್ತಿ ಭಾಗವಾಗುವ ದಿನ ಈ ಲೆಕ್ಕವೇ ಮನೆಯನ್ನು ಕೆಡವುತ್ತದೆ.

ಕೋಷ್ಟಕದಲ್ಲಿ ನೋಡಬೇಕಾದ ಆರು ಸಂಗತಿ

ಮಾಸ್ಟರ್ ಪ್ಲಾನಿನಲ್ಲಿ ಎರಡು ಭಾಗಗಳಿರುತ್ತವೆ: ಬಣ್ಣ ಬಳಿದ ಭೂ ಉಪಯೋಗ ನಕ್ಷೆ ಮತ್ತು ವಲಯ ನಿಯಮಾವಳಿ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಜಾರಿಗೆ ಬಂದದ್ದು 2007ರಲ್ಲಿ. ನಿಮ್ಮ ಊರಿನದನ್ನು ಯೋಜನಾ ಪ್ರಾಧಿಕಾರದ ಅಥವಾ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಆನಂತರ ಬಂದ ತಿದ್ದುಪಡಿಗಳನ್ನೂ ಕೇಳಿ ಪಡೆಯಿರಿ. ಅದರಲ್ಲಿ ಗಮನಿಸಬೇಕಾದವು ಇವು.

1. ವಲಯ: ನಿಮ್ಮ ಬೀದಿ ವಸತಿ, ಮಿಶ್ರ ವಸತಿ, ವಾಣಿಜ್ಯ ಇವುಗಳಲ್ಲಿ ಯಾವುದು? ವಸತಿ ವಲಯದಲ್ಲೂ ಕೆಲವು ಅಂಗಡಿ, ಕಚೇರಿಗಳಿಗೆ ಅವಕಾಶವಿರುತ್ತದೆ. ಆ ಪಟ್ಟಿಯನ್ನು ಪೂರ್ತಿ ಓದಿ.

2. ರಸ್ತೆಯ ಅಗಲ: ಎಫ್‌ಎಆರ್ ಮತ್ತು ವಾಣಿಜ್ಯ ಬಳಕೆ ಎರಡೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ. ಕಾಗದದಲ್ಲಿರುವ ಅಗಲವನ್ನು ನಂಬದೆ ಟೇಪು ಹಿಡಿದು ಅಳೆಯಿರಿ. ರಸ್ತೆ ವಿಸ್ತರಣೆಯ ಗೆರೆ ನಿಮ್ಮ ಕಾಂಪೌಂಡಿನೊಳಗೆ ಹಾದುಹೋಗಿದೆಯೇ ಎಂಬುದನ್ನೂ ನಕ್ಷೆಯಲ್ಲಿ ನೋಡಿ.

3. ಎಫ್‌ಎಆರ್: ಮೇಲೆ ಹೇಳಿದಂತೆ, ಎಷ್ಟು ಕಟ್ಟಬಹುದು ಎಂಬುದರ ಮಿತಿ.

4. ಸೆಟ್‌ಬ್ಯಾಕ್: ಸೈಟಿನ ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಜಾಗ. ಹಳೆಯ ಬೀದಿಯಲ್ಲಿ ಮುಂಭಾಗದ ಖಾಲಿ ಜಾಗ ಸಾಲಾಗಿ ಒಂದೇ ಸಮ ಇರುತ್ತದೆ. ಒಂದು ಕಟ್ಟಡ ಮುಂದೆ ಚಾಚಿಕೊಂಡರೂ ಸಾಲು ಮುರಿಯುತ್ತದೆ. ಸಾಮಾನ್ಯವಾಗಿ ಸೈಟು ಚಿಕ್ಕದಾದಂತೆ ಬಿಡಬೇಕಾದ ಜಾಗವೂ ಕಡಿಮೆಯಾಗುವುದರಿಂದ, ಅಣ್ಣತಮ್ಮಂದಿರು ಸೈಟು ಭಾಗ ಮಾಡಿಕೊಂಡಾಗ ಬೀದಿಯ ಸ್ವರೂಪವೇ ಬದಲಾಗುತ್ತದೆ. ಹಾಗೆ ಸೈಟು ಒಡೆಯಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು.

5. ಎತ್ತರ: ಅದೇ 4,200 ಚದರ ಅಡಿಯನ್ನು ಅಗಲವಾಗಿ ಎರಡೂವರೆ ಮಹಡಿಯಲ್ಲೂ ಕಟ್ಟಬಹುದು, ಕಿರಿದಾಗಿ ನಾಲ್ಕು ಮಹಡಿಯಲ್ಲೂ ಕಟ್ಟಬಹುದು. ಯಾವುದು ಏಳಬೇಕು ಎಂಬುದನ್ನು ಎತ್ತರ ಮತ್ತು ಸೆಟ್‌ಬ್ಯಾಕ್ ಸೇರಿ ತೀರ್ಮಾನಿಸುತ್ತವೆ.

6. ಪಾರ್ಕಿಂಗ್: ಇದರಿಂದ ಆಗುವ ಬದಲಾವಣೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂದಾಗ ನೆಲಮಹಡಿ ಕಂಬಗಳ ಸ್ಟಿಲ್ಟ್ ಆಗುತ್ತದೆ. ಜಗುಲಿ, ಕಿಟಕಿ, ಮಾತುಕತೆ ಇದ್ದ ಎತ್ತರದಲ್ಲಿ ರೋಲಿಂಗ್ ಶಟರ್ ಬರುತ್ತದೆ.

ರಕ್ಷಣೆಯ ಮೂರು ಪದರ

ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ಮಾರಕಗಳ ಕಾನೂನು. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಭಾರತೀಯ ಪುರಾತತ್ವ ಸರ್ವೇಕ್ಷಣೆ ರಕ್ಷಿಸಿರುವ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಶ್ರೀರಂಗಪಟ್ಟಣದಲ್ಲಿ, ಬೆಂಗಳೂರಿನ ಟಿಪ್ಪು ಅರಮನೆ ಮತ್ತು ಕೋಟೆಯ ಆಸುಪಾಸಿನಲ್ಲಿ ಇರುವವರಿಗೆ ಇದು ತಟ್ಟುತ್ತದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೂ ಮೊದಲೇ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಎರಡನೆಯದು ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶವೆಂಬ ಘೋಷಣೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ಕೇಂದ್ರ ಸರ್ಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳು ಇಂಥ ಕಟ್ಟಡಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸುತ್ತವೆ. ಮೊದಲ ಶ್ರೇಣಿಯದನ್ನು ಗಟ್ಟಿಗೊಳಿಸಲು ಬೇಕಾದಷ್ಟು ಮಾತ್ರ ಮುಟ್ಟಬಹುದು. ಎರಡನೆಯದರಲ್ಲಿ ಒಳಗಿನ ಬದಲಾವಣೆಗೆ, ಹೊಸ ಬಳಕೆಗೆ ಪರಿಶೀಲನೆಯ ಮೇಲೆ ಅವಕಾಶವಿದೆ. ಮೂರನೆಯದರಲ್ಲಿ ಹೊರಗಿನ ಬದಲಾವಣೆಯನ್ನೂ ಸಾಮಾನ್ಯವಾಗಿ ಒಪ್ಪುತ್ತಾರೆ. ‘ಹೆರಿಟೇಜ್ ಅಂದರೆ ಮೊಳೆಯನ್ನೂ ಹೊಡೆಯುವಂತಿಲ್ಲ’ ಎಂಬ ಮಾಲೀಕರ ಭಯಕ್ಕೆ ಎಲ್ಲ ಶ್ರೇಣಿಗಳಲ್ಲೂ ಆಧಾರವಿಲ್ಲ. ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳ ಪಟ್ಟಿಯಲ್ಲಿ ಹೆಸರಿದ್ದರೆ ಅದು ಒಳ್ಳೆಯ ದಾಖಲೆ. ಆದರೆ ಪ್ರಾಧಿಕಾರ ಘೋಷಿಸುವವರೆಗೆ ಅದಕ್ಕೆ ಕಾನೂನಿನ ಬಲವಿಲ್ಲ.

ಮೂರನೆಯದು ಸಾಮಾನ್ಯ ವಲಯ ನಿಯಮ. ನಮ್ಮ ಹಳೆಯ ಬೀದಿಗಳ ಬಹುಪಾಲು ಮನೆಗಳಿಗೆ ಇರುವ ರಕ್ಷಣೆ ಇದೊಂದೇ. ಒಂದೊಂದು ಮನೆಯಾಗಿ ನೋಡಿದರೆ ಅವು ಸ್ಮಾರಕಗಳಲ್ಲ, ಸಾಲಾಗಿ ನಿಂತಾಗ ಮಾತ್ರ ಅವುಗಳ ಬೆಲೆ ತಿಳಿಯುತ್ತದೆ. ಇಂಥ ಬೀದಿಗೆ ಉಪಯೋಗಕ್ಕೆ ಬರುವ ಒಂದು ಅವಕಾಶ ಅದೇ 1961ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿದೆ. ಮಾಸ್ಟರ್ ಪ್ಲಾನ್ ಕೆಲವು ಪ್ರದೇಶಗಳನ್ನು ವಿಶೇಷ ನಿಯಂತ್ರಣ ಪ್ರದೇಶಗಳೆಂದು ಗುರುತಿಸಿ, ಕಟ್ಟಡದ ಗೆರೆ, ಎತ್ತರ, ಎಫ್‌ಎಆರ್, ವಾಸ್ತು ಲಕ್ಷಣಗಳಿಗೆ ಬೇರೆಯೇ ನಿಯಮ ಮಾಡಬಹುದು. ನಿವಾಸಿಗಳ ಸಂಘ ಮುಂದಿಡಬಹುದಾದ ಅತಿ ಖಚಿತವಾದ ಬೇಡಿಕೆ ಇದು.

ಯಾವಾಗ ದನಿಯೆತ್ತಬೇಕು?

ಮಾಸ್ಟರ್ ಪ್ಲಾನ್ ಕರಡಿನಲ್ಲಿದ್ದಾಗ. 1961ರ ಯೋಜನಾ ಕಾಯ್ದೆಯ 13ನೇ ಸೆಕ್ಷನ್ನಿನಂತೆ ಕರಡು ಪ್ರಕಟವಾದ ಮೇಲೆ 60 ದಿನಗಳೊಳಗೆ ಯಾರು ಬೇಕಾದರೂ ಬರಹದಲ್ಲಿ ಅಭಿಪ್ರಾಯ ಕೊಡಬಹುದು, ಪ್ರಾಧಿಕಾರ ಅದನ್ನು ಪರಿಗಣಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಣೆಯಾಗಬೇಕೆಂದು ಕಾಯ್ದೆ ಹೇಳುತ್ತದೆ. ಇಡೀ ಬೀದಿಯ ಎಫ್‌ಎಆರ್, ಎತ್ತರ ತೀರ್ಮಾನವಾಗುವುದು ಈ ಎರಡು ತಿಂಗಳಲ್ಲಿ. ಆಮೇಲೆ ಹತ್ತು ವರ್ಷ ಹೋರಾಡಿದರೂ ಇಷ್ಟು ಸುಲಭದ ಅವಕಾಶ ಸಿಗುವುದಿಲ್ಲ.

ಭೂ ಉಪಯೋಗ ಬದಲಾವಣೆಯ ಪ್ರಕಟಣೆ ಬಂದಾಗ. ವಸತಿ ಸೈಟನ್ನು ವಾಣಿಜ್ಯಕ್ಕೆ ಬದಲಿಸಲು 14-ಎ ಸೆಕ್ಷನ್ನಿನಂತೆ ಬದಲಾವಣೆ ಸಾರ್ವಜನಿಕ ಹಿತದ್ದಾಗಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪತ್ರಿಕೆಯ ಒಳಪುಟದ ಈ ಸಣ್ಣ ಅಕ್ಷರಗಳನ್ನು ಓದುವ ಕೆಲಸವನ್ನು ಸಂಘದಲ್ಲಿ ಒಬ್ಬರಿಗೆ ಒಪ್ಪಿಸಿ.

ಪಾಯ ಹಾಕುವಾಗ. ನಕ್ಷೆಗೆ ವಿರುದ್ಧವಾಗಿ ಕಟ್ಟುತ್ತಿದ್ದಾರೆ ಎನ್ನಿಸಿದರೆ ಮೂರನೇ ಮಹಡಿ ಏಳುವವರೆಗೆ ಕಾಯಬೇಡಿ. ಸೆಟ್‌ಬ್ಯಾಕ್ ಬಿಟ್ಟಿದ್ದಾರೋ ಇಲ್ಲವೋ ಎಂಬುದು ಪಾಯದಲ್ಲೇ ಗೊತ್ತಾಗುತ್ತದೆ. ಮಂಜೂರಾದ ನಕ್ಷೆಯ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಆದರೆ ಕಟ್ಟಡ 30 ದಿನ ಕಾಯುವುದಿಲ್ಲ. ಆದ್ದರಿಂದ ಫೋಟೊ, ಅಳತೆ, ದಿನಾಂಕಗಳ ಸಮೇತ ಲಿಖಿತ ದೂರನ್ನು ಅದೇ ದಿನ ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮರ ಕಡಿಯುವ ಮುನ್ನ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರಗಳು 50 ದಾಟಿದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ರಸ್ತೆ ಅಗಲಿಸುವ ಯೋಜನೆಗಳಲ್ಲಿ ಇದು ಮುಖ್ಯ.

ಬೆಂಗಳೂರಿನವರಿಗೆ ಒಂದು ಸೂಚನೆ: 2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ, ಅರ್ಜಿ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಆಕ್ಷೇಪಣೆ ಬರೆಯುವ ಬಗೆ

‘ನಮ್ಮ ಬಡಾವಣೆಯ ಸೊಬಗು ಹಾಳಾಗುತ್ತಿದೆ’ ಎಂದು ಬರೆದ ಪತ್ರವನ್ನು ಅಧಿಕಾರಿ ಓದಿ ಕಡತಕ್ಕೆ ಸೇರಿಸುತ್ತಾರೆ. ಅದೇ ಸಂಗತಿಯನ್ನು ಅಂಕಿಯಲ್ಲಿ ಹೇಳಿದರೆ ಉತ್ತರ ಕೊಡಬೇಕಾಗುತ್ತದೆ. ಉದಾಹರಣೆಗೆ: ‘ಈ ಅಡ್ಡರಸ್ತೆಯ ಅಗಲ ಅಳತೆಯಲ್ಲಿ 30 ಅಡಿ. ಇಲ್ಲಿರುವ 22 ಮನೆಗಳಲ್ಲಿ 17 ಎರಡಂತಸ್ತಿಗಿಂತ ಹೆಚ್ಚಿಲ್ಲ. ಕರಡಿನ ಇಂಥ ಪುಟದ ಕೋಷ್ಟಕ ಇಲ್ಲಿ ನಾಲ್ಕು ಮಹಡಿಗೆ ಅವಕಾಶ ಕೊಡುತ್ತದೆ. ಈ ರಸ್ತೆಯನ್ನು ವಿಶೇಷ ನಿಯಂತ್ರಣ ಪ್ರದೇಶಕ್ಕೆ ಸೇರಿಸಿ, ಎತ್ತರಕ್ಕೆ ಇಷ್ಟು ಮೀಟರಿನ ಮಿತಿ ಹಾಕಬೇಕು.’ ಹೀಗೆ ಸ್ಥಿತಿ, ಕರಡಿನ ಪುಟ, ಬೇಡಿಕೆ ಮೂರೂ ಇರಲಿ. ನೂರು ಜನ ಒಂದೇ ಪತ್ರಕ್ಕೆ ಸಹಿ ಹಾಕುವುದಕ್ಕಿಂತ ಹತ್ತು ಬೀದಿಯವರು ತಮ್ಮ ತಮ್ಮ ಬೀದಿಯ ವಿವರ ಕೊಟ್ಟು ಹತ್ತು ಪತ್ರ ಬರೆಯುವುದು ಮೇಲು. ಬೇಡವೆನ್ನುವುದರ ಜತೆಗೆ ಯಾವುದು ಆದೀತು ಎಂಬುದನ್ನೂ ಹೇಳಿ. ಹಿಂಭಾಗದಲ್ಲಿ ಇನ್ನೊಂದು ಮಹಡಿ, ಮುಖ್ಯರಸ್ತೆಯಲ್ಲಿ ಹೆಚ್ಚಿನ ಎತ್ತರ, ಹಳೆಯ ಮನೆಗೆ ಪಾರ್ಕಿಂಗ್ ವಿನಾಯಿತಿ ಇಂಥ ಸಲಹೆಗಳಿಗೆ ಕಿವಿಗೊಡುವವರು ಸಿಗುತ್ತಾರೆ.

ಆ ಹಳೆಯ ಮನೆ ನಿಮ್ಮದೇ ಆದರೆ

ದುರಸ್ತಿಯನ್ನು ಮೇಲಿನಿಂದ ಶುರುಮಾಡಿ. ಮಂಗಳೂರು ಹಂಚಿನ ಮಾಡು ಸೋರುತ್ತಿದ್ದರೆ ಒಡೆದ ಹಂಚು, ಗೆದ್ದಲು ತಿಂದ ರೀಪು ಬದಲಿಸುವ ಖರ್ಚು, ನೆನೆದ ಗೋಡೆ ಸರಿಪಡಿಸುವ ಖರ್ಚಿಗಿಂತ ಬಹಳ ಕಡಿಮೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಬೇಡಿ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳದೆ ನೀರಿನ ಟ್ಯಾಂಕನ್ನೂ ಇಡಬಾರದು.

ಹೆಚ್ಚು ಜಾಗ ಬೇಕಾದರೆ ಬೀದಿಯ ಕಡೆಯ ಮುಖವನ್ನು ಉಳಿಸಿಕೊಂಡು ಹಿತ್ತಲ ಕಡೆ ಕಟ್ಟುವ ದಾರಿಯಿದೆ. ಮನೆಯನ್ನು ಕಾಫಿ ಹೋಟೆಲ್, ಪುಸ್ತಕದಂಗಡಿ, ಕಚೇರಿ ಮಾಡಬೇಕೆಂದಿದ್ದರೆ ನಿಮ್ಮ ವಲಯ, ರಸ್ತೆಯ ಅಗಲ ಅದಕ್ಕೆ ಒಪ್ಪುತ್ತವೆಯೇ ಎಂಬುದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ನೋಡಿ. ‘ಈಗ ಕಟ್ಟಿಬಿಡಿ, ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ’ ಎನ್ನುವವರ ಮಾತು ಕೇಳಬೇಡಿ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು.

ಬೇರೆ ಊರುಗಳಲ್ಲಿ ಏನಾಯಿತು?

ಮುಂಬೈಯಲ್ಲಿ ಪಾರಂಪರಿಕ ನಿಯಮಾವಳಿ 1995ರಲ್ಲೇ ಬಂತು. ಕಟ್ಟಡ, ಪ್ರದೇಶಗಳ ಪಟ್ಟಿ, ಪರಿಶೀಲಿಸುವ ಸಮಿತಿ, ಕಟ್ಟುವ ಹಕ್ಕು ಕಳೆದುಕೊಂಡ ಮಾಲೀಕರಿಗೆ ಆ ಹಕ್ಕನ್ನು ಬೇರೆಡೆ ಮಾರಿಕೊಳ್ಳಲು ಟಿಡಿಆರ್ ಎಲ್ಲವೂ ಅದರಲ್ಲಿದ್ದವು. ಮೇಲೆ ಹೇಳಿದ 3,000 ಚದರ ಅಡಿಯ ನಷ್ಟವನ್ನು ಒಬ್ಬನೇ ಮಾಲೀಕನ ತಲೆಗೆ ಕಟ್ಟದೆ ಹಂಚಿಕೊಳ್ಳುವ ಯತ್ನ ಇದು.

ಚಂಡೀಗಡದ್ದು ಇನ್ನೂ ಹತ್ತಿರದ ಪಾಠ. ಅಲ್ಲಿ ಒಂದೇ ಕುಟುಂಬಕ್ಕೆಂದು ಯೋಜಿಸಿದ ಮನೆಗಳ ಮೂರನೇ ಒಂದು ಪಾಲನ್ನು ಮಾರುವ ನೆಪದಲ್ಲಿ ಮಹಡಿಗೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ನಿವಾಸಿಗಳ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಜನವರಿ 10ರ ತೀರ್ಪು ಮೊದಲ ಹಂತದ ಸೆಕ್ಟರುಗಳಲ್ಲಿ ಅದನ್ನು ನಿಲ್ಲಿಸಿತು. ಎಫ್‌ಎಆರ್ ಏರಿಸಬಾರದು, ಮೂರು ಮಹಡಿ ದಾಟಬಾರದು ಎಂದಿತು. ನಗರಗಳು ಯೋಜನೆಯಿಲ್ಲದೆ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಆ ತೀರ್ಪು ಪ್ರಸ್ತಾಪಿಸಿದ ಉದಾಹರಣೆ ಬೆಂಗಳೂರು.

ಮೈಸೂರು ಕಲಿಸುವುದು ಬೇರೆಯದನ್ನು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ 2016ರಲ್ಲಿ ಬಿತ್ತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಪಾರಂಪರಿಕವೆಂಬ ಹೆಸರು ಕಟ್ಟಡವನ್ನು ಎತ್ತಿ ಹಿಡಿಯಲಾರದು. ಅದಕ್ಕೆ ವರ್ಷ ವರ್ಷ ದುರಸ್ತಿಯ ಹಣ ಬೇಕು.

ಯಾವುದನ್ನು ಉಳಿಸುವುದು?

ಹಳೆಯದನ್ನೆಲ್ಲ ಹಾಗೇ ಇಡಬೇಕೆಂದು ಹಟ ಹಿಡಿದರೆ ಊರಿನಲ್ಲಿ ಮನೆ ಬೇಕಾದವರಿಗೆ ಜಾಗವಿಲ್ಲದಂತಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ಲೇಗಿನ ಕಾಲದ ಬಡಾವಣೆಗಳಲ್ಲಿ ಸೈಟುಗಳನ್ನು ಜಾತಿ, ಮತವಾರು ಹಂಚಿದ್ದರು ಎಂಬುದೂ ಇತಿಹಾಸವೇ. ಚಹರೆ ಉಳಿಸುವ ಮಾತು ಹೊಸಬರನ್ನು, ಬಾಡಿಗೆದಾರರನ್ನು, ಬೇರೆ ಸಮುದಾಯದವರನ್ನು ದೂರವಿಡುವ ನೆಪವಾಗಬಾರದು. ಆದ್ದರಿಂದ ಬೇಡಿಕೆಯನ್ನು ಕಟ್ಟಡದ ಅಳತೆಗೆ, ಮರಕ್ಕೆ, ಬೀದಿಯ ಸಾಲಿಗೆ ಸೀಮಿತವಾಗಿಡಿ. ಒಳಗೆ ಯಾರು ಇರಬೇಕು ಎಂಬುದು ನಿಯಮಾವಳಿಯ ವಿಷಯವಲ್ಲ. ಹಳೆಯ ಮನೆಯನ್ನು ಎರಡು ಮೂರು ಬಿಡಾರವಾಗಿ ಬಾಡಿಗೆಗೆ ಕೊಡಲು ಅವಕಾಶವಿದ್ದರೆ ಮನೆಯೂ ಉಳಿಯುತ್ತದೆ, ಜನಕ್ಕೂ ಜಾಗ ಸಿಗುತ್ತದೆ. ಚಂಡೀಗಡದಲ್ಲಿ ಕೋರ್ಟು ತಡೆದದ್ದೂ ಬಾಡಿಗೆಯನ್ನಲ್ಲ, ಮಹಡಿಗಳನ್ನು ಬೇರೆ ಬೇರೆಯಾಗಿ ಮಾರುವ ವ್ಯವಹಾರವನ್ನು.

ಈಗಲೇ ಆರಂಭಿಸಬಹುದಾದ್ದು

ಬೆಂಗಳೂರಿನ 2031ರ ಮಾಸ್ಟರ್ ಪ್ಲಾನಿನ ಕರಡು 2017ರಲ್ಲಿ ಪ್ರಕಟವಾಗಿ, 2020ರಲ್ಲಿ ವಾಪಸಾಯಿತು. ಅದರ ಜಾಗದಲ್ಲಿ ಇನ್ನೊಂದು ಕರಡು ಬರಲೇಬೇಕು. ಬೇರೆ ಊರುಗಳಲ್ಲೂ ಪರಿಷ್ಕರಣೆಯ ಸರದಿ ಬರುತ್ತದೆ. 60 ದಿನಗಳ ಗಡಿಯಾರ ಶುರುವಾದ ಮೇಲೆ ಬೀದಿ ಅಳೆಯಲು ಹೊರಟರೆ ಸಮಯ ಸಾಲದು. ಒಂದು ಭಾನುವಾರ ನಾಲ್ಕು ಜನ ಸೇರಿ ಟೇಪು, ನೋಟ್‌ಪುಸ್ತಕ ಹಿಡಿದು ಹೊರಡಿ. ರಸ್ತೆಯ ಅಗಲ, ಪ್ರತಿ ಮನೆಯ ಮಹಡಿ, ಮುಂದಿನ ಖಾಲಿ ಜಾಗ, ಕಟ್ಟಿದ ಕಾಲ, ಈಗಿನ ಬಳಕೆ, ಮರಗಳನ್ನು ಪಟ್ಟಿ ಮಾಡಿ, ಪ್ರತಿ ಮನೆಯ ಫೋಟೊ ತೆಗೆದು ದಿನಾಂಕ ಹಾಕಿ. ಮನೆ ಮಾಲೀಕರನ್ನು ಮೊದಲೇ ಮಾತನಾಡಿಸಿ, ಅವರ ಕಷ್ಟವನ್ನೂ ಬರೆದುಕೊಳ್ಳಿ. ಮುಂದೆ ಆಕ್ಷೇಪಣೆ, ದೂರು, ಕೋರ್ಟಿನ ಅರ್ಜಿ ಯಾವುದಕ್ಕೆ ಹೊರಟರೂ ಕೇಳುವ ಮೊದಲ ದಾಖಲೆ ಇದೇ ಪಟ್ಟಿ. ಇದನ್ನು ತಯಾರಿಸಲು ಯಾರ ಅನುಮತಿಯೂ ಬೇಕಿಲ್ಲ.